ಅನ್ನವ್ವ ವೈನಿ ಆಳಿನ ಪಾತ್ರ ಹಿಡಿದದ್ದು

ಇಚಲಕರಂಜಿಯಲ್ಲಿ ನಮ್ಮ ಮನೆಯಷ್ಟು ಸದ್ದಿನ ಮನೆ ಇನ್ನೊಂದಿರಲಿಲ್ಲ. ನಮ್ಮ ಮನೆಯಷ್ಟು ಮಾತು ಕೇಳಿಸದ ಮನೆಯೂ ಇರಲಿಲ್ಲ. ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿಕೊಂಡೇ ನಮ್ಮ ಮಗ್ಗದ ಶೆಡ್ಡು ಇತ್ತು. ಅದರೊಳಗೆ ಎಂಟು ಪಾವರ್‌ಲೂಮುಗಳು. ಅವು ಒಮ್ಮೆಲೇ ಖಟಕ್ ಖಟಕ್ ಅನ್ನಲು ಶುರು ಮಾಡಿದರೆ ಶಿರೋಳದ ಹೊಲಗಳಲ್ಲಿ ಕಬ್ಬು ತಲೆದೂಗುತ್ತಿತ್ತು, ಅಲ್ಲಿಯ ಎಮ್ಮೆಗಳು ಹಾಲಿನ ಬದಲು ನೇರವಾಗಿ ಮಜ್ಜಿಗೆಯನ್ನೇ ಕೊಡುತ್ತಿದ್ದವು. ನಂಬದವರು ಶಿರೋಳಕ್ಕೆ ಹೋಗಿ ಎಮ್ಮೆಗಳನ್ನೇ ಕೇಳಬಹುದು.

ಅಂಥ ಸದ್ದಿನಲ್ಲಿ ಕೂಗಿ ಮಾತಾಡುವುದು ದಂಡ. ಹಾಗಾಗಿ ಮಗ್ಗದ ಓಣಿಯವರೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದೆವು. ಧ್ವನಿ ಬೇಕಾಗಿಲ್ಲ, ತುಟಿಯನ್ನು ಅಗಲವಾಗಿ ಆಡಿಸಿ, ಹುಬ್ಬು ಎತ್ತಿ, ಬೆರಳು ಸ್ವಲ್ಪ ತಿರುವಿದರೆ ಶೆಡ್ಡಿನ ಆಚೆ ತುದಿಯವನಿಗೆ ಮನೆಯ ಕಥೆಯೆಲ್ಲ ತಲುಪುತ್ತಿತ್ತು. ನಾನಂತೂ ಪಂಚಗಂಗೆಯ ಆ ದಂಡೆಯಲ್ಲಿ ನಿಂತವನು ಹೆಂಡತಿಗೆ ಹೇಳಿದ ಸುಳ್ಳನ್ನು ಈ ದಂಡೆಯಿಂದ ಓದಿಬಿಡುತ್ತಿದ್ದೆ. ಮನೆಯೊಳಗೂ ಅದೇ ರೂಢಿ. ಉಪ್ಪು ಕೇಳುವುದು ತುಟಿಯಲ್ಲಿ, ಲೆಕ್ಕ ಹೇಳುವುದು ತುಟಿಯಲ್ಲಿ, ಜಗಳವೂ ತುಟಿಯಲ್ಲಿ. ಮೇಲಿನ ಕಿಂಡಿಯಿಂದ ಬಿಸಿಲು ಇಳಿದಾಗ ಅದರೊಳಗೆ ಅರಳೆಯ ಎಳೆಗಳು ತೇಲುತ್ತಿದ್ದವು. ಅವುಗಳ ನಡುವೆ ಬಾಯಿ ಆಡಿಸುತ್ತ ಓಡಾಡುವ ನಮ್ಮನ್ನು ನೋಡಿದ ಹೊಸಬರಿಗೆ ತಾವು ಎಲ್ಲೋ ಕೆರೆಯ ತಳದಲ್ಲಿ ಕೂತಂತೆ ಅನಿಸಿ, ಚಹಾದ ಕಪ್ಪು ಕೈಯಲ್ಲೇ ತಣ್ಣಗಾಗುತ್ತಿತ್ತು.

ಮನೆಯಲ್ಲಿ ನಾವು ನಾಲ್ವರು. ನಮ್ಮ ಅವ್ವ, ಹೆಸರು ಅಕ್ಕವ್ವ, ಎಲ್ಲರಿಗೂ ಹಿರಿಯಳು. ಆಕೆ ಹುಬ್ಬು ಗಂಟಿಕ್ಕಿದರೆ ಮಗ್ಗಗಳೇ ಒಂದು ಏಟು ತಪ್ಪಿಸುತ್ತಿದ್ದವು. ಅಣ್ಣ ಭೀಮಗೊಂಡ ಮಗ್ಗಗಳ ಮಾಲಕ. ಅವನ ಹೆಂಡತಿ ಅನ್ನವ್ವ ವೈನಿ, ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯ ಮಗಳು. ಆಕೆಯ ತಾಯಿಮನೆಯ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದರೆ ಸಂಕೇಶ್ವರದವರೆಗೂ ಜನ ಸೀನುತ್ತಿದ್ದರು. ನಾಲ್ಕನೆಯವನು ನಾನು, ದುಂಡಪ್ಪ. ನೂಲು ತರುವುದು, ಬಟ್ಟೆ ಮಾರುವುದು ನನ್ನ ಕೆಲಸ. ಮದುವೆ ಆಗಿರಲಿಲ್ಲ. ಹೆಣ್ಣಿನ ತಂದೆಗಳು ಓಣಿಯ ತುದಿಯವರೆಗೆ ಸರತಿ ನಿಂತಿದ್ದರು, ನನಗೇ ಪುರುಸೊತ್ತಿರಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಕೂತು ಕಾಂಡಿ ತುಂಬುವವಳು ತಾರವ್ವ. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಕಾಂಡಿ ನಿಂತರೆ ಮಗ್ಗ ನಿಂತಂತೆ. ಅವಳ ಗಂಡ ಸತ್ಯಪ್ಪ ಕುರಿ ಹಿಂಡು ಹೊಡೆದುಕೊಂಡು ಗಡಿಯ ಹಳ್ಳಿಗಳಲ್ಲಿ ತಿರುಗುತ್ತಿದ್ದ. ವರ್ಷಕ್ಕೆ ಎರಡು ಸಲ ಉಣ್ಣೆಯ ವಾಸನೆಯ ಜೊತೆ ಮನೆಗೆ ಬರುತ್ತಿದ್ದ. ತಾರವ್ವ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅವಳ ಗಿಂಡಿ ಬೇರೆ, ಕಿಟಕಿಯ ಹೊರಗಿನ ಗೂಟದ ಮೇಲೆ ಇರುತ್ತಿತ್ತು. ಯಾರೂ ಅದನ್ನು ಹೇಳಿ ಮಾಡಿದ್ದಲ್ಲ, ಯಾರೂ ಅದನ್ನು ಕೇಳಿದ್ದೂ ಇಲ್ಲ.

ಚೀನಾ ಯುದ್ಧದ ಹಿಂದಿನ ವರ್ಷ ಸರಕಾರದವರು ಶಾಲೆಯಲ್ಲಿ ಸಂಜೆಯ ಹೊತ್ತು ದೊಡ್ಡವರಿಗಾಗಿ ಒಂದು ವರ್ಗ ತೆಗೆದರು. ಕನ್ನಡದ ಮನೆಗಳ ಹೆಂಗಸರಿಗೆ ಕಲಿಸಲು ಬಂದವರು ಗಡಹಿಂಗ್ಲಜದ ಕಾಡಸಿದ್ದ ಮಾಸ್ತರರು. ಎಷ್ಟು ತೆಳ್ಳಗಿನ ಮನುಷ್ಯ ಅಂದರೆ ಗಾಳಿ ಬೀಸಿದ ದಿನ ಕಿಸೆಯಲ್ಲಿ ಕಲ್ಲು ಹಾಕಿಕೊಂಡು ಬರುತ್ತಿದ್ದರು. ವೈನಿಯನ್ನು ಕಳಿಸಿದ್ದು ಅವ್ವನೇ. ಮಧ್ಯಾಹ್ನ ಮಲಗುವಾಗ ಸೊಸೆ ಪುರಾಣ ಓದಿ ಹೇಳಬೇಕೆಂದು ಅವಳ ಆಸೆ. ತಾರವ್ವ ತಾನಾಗಿಯೇ ಹೋದಳು. ಮೊದಲ ವಾರ ಪಾಟಿ ಹಿಡಿದ ಹೆಂಗಸರೆಲ್ಲ ಅ ಆ ಮುಗಿಯುವುದರೊಳಗೆ ಗೋಡೆಗೊರಗಿ ನಿದ್ದೆಹೋದರು. ಹಗಲೆಲ್ಲ ದುಡಿದ ದೇಹ, ಸದ್ದಿಲ್ಲದ ಕೋಣೆ, ಇನ್ನೇನಾದೀತು.

ಕಾಡಸಿದ್ದ ಮಾಸ್ತರರು ಕೊಲ್ಹಾಪುರದಲ್ಲಿ ನಾಟಕದ ತರಬೇತಿ ಪಡೆದವರು. ಪಾಟಿಯನ್ನು ಕಪಾಟಿನಲ್ಲಿಟ್ಟು ನಾಟಕ ತೆಗೆದರು. ಪ್ರತಿಯೊಬ್ಬಳೂ ತನ್ನ ಪಾತ್ರದ ಮಾತನ್ನು ತಾನೇ ಓದಿ ಕಲಿಯಬೇಕು. ಒಂದು ಶರತ್ತನ್ನೂ ಹಾಕಿದರು: ಮನೆಯಲ್ಲಿ ಏನಾಗಿದ್ದೀರೋ ಅದು ಇಲ್ಲಿ ಆಗಕೂಡದು. ಕಥೆ ಒಬ್ಬ ಸಾವಕಾರ್ತಿ ಮತ್ತು ಅವಳ ಮನೆಯ ಆಳಿನದು. ತಾರವ್ವನಿಗೆ ಸಾವಕಾರ್ತಿಯ ಪಾತ್ರ ಬಂತು, ಅನ್ನವ್ವ ವೈನಿಗೆ ಆಳಿನ ಪಾತ್ರ.

ಇದು ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಶಾಲೆಯ ಕಿಟಕಿಯ ಹೊರಗೆ ನಿಂತು ತುಟಿ ಓದಿ ತಿಳಿದುಕೊಂಡಿದ್ದೆ. ಗುಟ್ಟು ಕಾಯುವುದರಲ್ಲಿ ನನ್ನಂಥವನು ಜಿಲ್ಲೆಯಲ್ಲೇ ಇಲ್ಲ. ಚಹಾದಂಗಡಿಯ ಐದಾರು ಮಂದಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ.

ಆಮೇಲಿನ ವಾರಗಳಲ್ಲಿ ವೈನಿ ವಿಚಿತ್ರವಾದಳು. ಪಾತ್ರವನ್ನು ಕಲಿಯಲು ತಾರವ್ವನನ್ನು ನೋಡತೊಡಗಿದಳು. ರೊಟ್ಟಿ ಬಡಿಯುತ್ತ ಕಿಟಕಿಯಿಂದ ಅವಳನ್ನೇ ದಿಟ್ಟಿಸುವಳು. ತಾರವ್ವ ಹೇಗೆ ಗೋಡೆಗೆ ಅರ್ಧ ಬೆನ್ನು ಮಾತ್ರ ಕೊಟ್ಟು ಕೂರುತ್ತಾಳೆ, ಯಾರಾದರೂ ಬಂದರೆ ಮೊದಲು ಕಾಲು ಹೇಗೆ ಒಳಗೆಳೆದುಕೊಳ್ಳುತ್ತಾಳೆ, ಗಿಂಡಿಯನ್ನು ತುಟಿಗೆ ತಾಕಿಸದೆ ಹೇಗೆ ಕುಡಿಯುತ್ತಾಳೆ. ಹದಿನಾಲ್ಕು ವರ್ಷ ಕಣ್ಣೆದುರಿಗಿದ್ದ ಹೆಂಗಸನ್ನು ಈಗಷ್ಟೇ ಬಸ್ಸಿನಿಂದಿಳಿದವಳಂತೆ ನೋಡುವಳು. ಒಂದು ದಿನ ಊಟಕ್ಕೆ ಕೂತಾಗ ವೈನಿ ತನ್ನ ತಾಟನ್ನು ಹಿಡಿದು ಹೊಸ್ತಿಲ ಹತ್ತಿರ ಹೋಗಿ ಕೂತಳು. ಅಲ್ಲೇಕೆ ಎಂದು ಅಣ್ಣ ಕೇಳಿದರೆ ಅವಳಿಗೇ ಆಶ್ಚರ್ಯ. ಇನ್ನೊಂದು ದಿನ ಸಾರು ಬಡಿಸುತ್ತ ನಿಂತವಳು, ಅಲ್ಲೆಲ್ಲೋ ಬೇರೆ ಮನೆಯಲ್ಲಿ ಬಡಿಸುತ್ತಿರುವಂತೆ ಕಣ್ಣು ದೂರ ಇಟ್ಟುಕೊಂಡು ನಿಂತೇಬಿಟ್ಟಳು. ಸಾರು ನನ್ನ ತಾಟಿನಿಂದ ಉಕ್ಕಿ, ಹರಿದು, ಪಂಚಗಂಗೆಯನ್ನು ಸೇರಿತು.

ಅತ್ತ ತಾರವ್ವನೂ ನೆಟ್ಟಗಾಗತೊಡಗಿದಳು. ಕಾಂಡಿಯ ಬುಟ್ಟಿ ಹೊತ್ತು ಬರುವಾಗ ಅವಳ ಕತ್ತು ಕೊಲ್ಹಾಪುರದ ರಾಣಿಯರ ಕತ್ತಿನಂತಿತ್ತು. ಆ ಕತ್ತನ್ನು ನೋಡಿ ನಾನೇ ಎರಡು ಸಲ ದಾರಿಬಿಟ್ಟೆ.

ಒಂದು ಮಧ್ಯಾಹ್ನ ಮಗ್ಗಗಳು ಭರದಿಂದ ನಡೆದಿದ್ದವು. ತಾರವ್ವ ಕಾಂಡಿ ಸುತ್ತುತ್ತ ತನ್ನ ಪಾತ್ರವನ್ನು ತುಟಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ವೈನಿ ಅಕ್ಕಿ ಆರಿಸುತ್ತ ಕೂತಿದ್ದಳು. ತಾರವ್ವ ಕತ್ತೆತ್ತಿ, "ಏ, ನೀರ ತಾ" ಎಂಬ ಸಾವಕಾರ್ತಿಯ ಮಾತನ್ನು ತುಟಿಯಲ್ಲಿ ಆಡಿದಳು. ವೈನಿ ಎದ್ದಳು. ಒಳಗೆ ಹೋಗಿ, ಅಣ್ಣ ಕುಡಿಯುವ ಹಿತ್ತಾಳೆಯ ಲೋಟದಲ್ಲಿ ನೀರು ತುಂಬಿ ತಂದು, ಬಗ್ಗಿ ಅವಳ ಕೈಗೆ ಕೊಟ್ಟಳು. ತಾರವ್ವ ಕುಡಿದಳು. ಇಬ್ಬರೂ ಕನಸಿನಲ್ಲಿ ನಡೆಯುವವರಂತಿದ್ದರು.

ಅವ್ವ ಅದನ್ನು ನೋಡಿದಳು.

ಮುಂದಿನ ಜಗಳವನ್ನು ನಾನು ಜೀವಮಾನದಲ್ಲಿ ಮರೆಯಲಾರೆ. ಅವ್ವನ ತುಟಿಗಳು ಲಾಳಿಗಿಂತ ವೇಗವಾಗಿ ಓಡುತ್ತಿದ್ದವು. ಮನೆಯ ಮರ್ಯಾದೆ, ಗಂಡನ ಲೋಟ, ಊರವರ ಬಾಯಿ ಎಲ್ಲವೂ ಬಂದವು. ವೈನಿಯೂ ತುಟಿಯಲ್ಲೇ ಉತ್ತರ ಕೊಡುತ್ತಿದ್ದಳು. ನೋಡುವವರಿಗೆ ಇಬ್ಬರು ಹೆಂಗಸರು ಬಿಸಿಲಿನಲ್ಲಿ, ಅರಳೆಯ ಮಳೆಯಲ್ಲಿ ನಿಂತು ಯಾವುದೋ ಹಾಡಿಗೆ ಬಾಯಿ ಆಡಿಸುತ್ತಿದ್ದಂತಿತ್ತು. ಕೊನೆಗೆ ವೈನಿ ಆವೇಶದಲ್ಲಿ ತುಟಿಗೆ ಧ್ವನಿಯನ್ನೂ ಸೇರಿಸಿದಳು. ಹೇಗಿದ್ದರೂ ಕೇಳಿಸುವುದಿಲ್ಲ ಎಂಬ ಧೈರ್ಯ. ಸರಿಯಾಗಿ ಆ ಗಳಿಗೆಗೆ ಊರಿನ ಕರೆಂಟು ಹೋಯಿತು.

ಎಂಟೂ ಮಗ್ಗಗಳು ನಿಂತವು. ಓಣಿಯ ಎಲ್ಲ ಶೆಡ್ಡುಗಳ ಮಗ್ಗಗಳೂ ನಿಂತವು. ಆ ಮೌನದೊಳಗೆ ವೈನಿಯ ಒಂದೇ ಒಂದು ಮಾತು ಬಿಟ್ಟ ಬಾಣದಂತೆ ಹೋಯಿತು.

"ಆಕಿ ಪಗಾರದ ಆಳು, ನಾ ಬಿಟ್ಟಿ ಆಳು. ಇಷ್ಟ ಫರಕು, ಅತ್ತಿ."

ಓಣಿಯಲ್ಲಿ ಯಾರೋ ಕೆಮ್ಮಿದರು. ಪಕ್ಕದ ಊರು ಕೊರೋಚಿಯವರೆಗೂ ಕೇಳಿಸಿತೆಂದು ಆಮೇಲೆ ನಾಲ್ಕು ಜನ ಆಣೆ ಮಾಡಿ ಹೇಳಿದರು. ಅಣ್ಣ ಬೀದಿಯ ಬಾಗಿಲಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬನ ಜೊತೆ ನಿಂತಿದ್ದ. ವ್ಯಾಪಾರಿ ತನ್ನ ಚಪ್ಪಲಿಯನ್ನೇ ನೋಡುತ್ತ ಹೊರಟುಹೋದ.

ಆ ಸಂಜೆ ಅಣ್ಣ ಊಟದ ತಾಟನ್ನು ಮುಂದೆ ಸರಿಸಿ ಕೂತ. ರೊಟ್ಟಿ, ಝುಣಕ, ಮೊಸರು ಎಲ್ಲ ಇತ್ತು, ಯಾರೂ ಮುಟ್ಟಲಿಲ್ಲ. ನಾನು ಮಾತ್ರ, ಮನೆಯ ಗೌರವ ಉಳಿಯಲೆಂದು, ಒಂಬತ್ತು ರೊಟ್ಟಿ ತಿಂದೆ.

"ನಾಳಿಂದ ತಾರವ್ವ ಕೆಲಸಕ್ಕ ಬರೂದ ಬ್ಯಾಡ," ಅಣ್ಣ ಹೇಳಿದ. "ನೀ ನಾಟಕಕ್ಕ ಹೋಗೂದು ಬ್ಯಾಡ."

"ಆಕಿದೇನ ತಪ್ಪರೀ?" ವೈನಿ ಕೇಳಿದಳು. "ನೀರ ಕೊಟ್ಟಾಕಿ ನಾ."

"ನಾಟಕ ಬಿಡತಿಯೋ ಇಲ್ಲೋ?"

"ಇಲ್ಲರೀ."

"ಹಂಗಾರ ಗಡಹಿಂಗ್ಲಜಕ್ಕ ಹೋಗು. ಅಲ್ಲಿ ನಿಮ್ಮಪ್ಪನ ಅಂಗಳದಾಗ ಕುಣಿ."

ವೈನಿ ಮೂವರ ತಾಟನ್ನೂ ಎತ್ತಿದಳು, ತೊಳೆದಳು, ಒಲೆಯ ಬೂದಿ ತೆಗೆದಳು, ನಾಳೆಗೆ ಕಾಳು ನೆನೆಹಾಕಿದಳು. ಬೆಳಿಗ್ಗೆ ಮೊದಲ ಎಸ್.ಟಿ. ಬಸ್ಸಿಗೆ ಟ್ರಂಕಿನೊಂದಿಗೆ ಹೊರಟುಹೋದಳು.

ಕಾಳನ್ನು ಬೇಯಿಸುವವರು ಯಾರೆಂಬುದು ಅವತ್ತು ಮಧ್ಯಾಹ್ನದ ಪ್ರಶ್ನೆಯಾಯಿತು. ಅವ್ವನ ಕೈಗೆ ಮೊದಲಿನ ಕಸುವು ಇರಲಿಲ್ಲ. ಒಲೆಯ ಮುಂದೆ ಕೂತರೆ ಏಳಲು ಇಬ್ಬರು ಬೇಕು. ರೊಟ್ಟಿಯ ಕೆಲಸ ನನಗೆ ಬಂತು. ನನ್ನ ರೊಟ್ಟಿಗಳು ಬಹಳ ಗಟ್ಟಿಮುಟ್ಟಾಗಿದ್ದವು. ಒಂದನ್ನು ಮಗ್ಗ ರಿಪೇರಿ ಮಾಡುವ ಜಾಬರನು ಮಗ್ಗದ ಕಾಲಿಗೆ ಆಸರೆ ಇಟ್ಟದ್ದು ಇಂದಿಗೂ ಅಲ್ಲೇ ಇದೆ. ಕಾಂಡಿ ತುಂಬಲು ಬಂದ ಹೊಸ ಹೆಂಗಸು ನೂಲನ್ನು ಸಡಿಲವಾಗಿ ಸುತ್ತಿ, ಮಗ್ಗ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಅಣ್ಣನ ಮುಖ ದಿನದಿನಕ್ಕೆ ಉದ್ದವಾಗಿ, ಗಲ್ಲವು ಅಂಗಿಯ ಮೂರನೆಯ ಗುಂಡಿಯನ್ನು ಮುಟ್ಟಿತು.

ಅವ್ವನೇ ನನಗೆ ಚಿಂತೆ ಹಚ್ಚಿದ್ದು. ಒಂದು ದಿನ ಮಧ್ಯಾಹ್ನ ನೂಲಿನ ಗಂಟು ಹೊತ್ತು ಒಳಗೆ ಬಂದಾಗ, ಅವಳು ಖಾಲಿ ಅಡುಗೆಮನೆಯಲ್ಲಿ ಕೂತು ತುಟಿ ಆಡಿಸುತ್ತಿದ್ದಳು. ಒಲೆಯ ಹತ್ತಿರ, ವೈನಿ ಕೂರುವ ಜಾಗಕ್ಕೆ ಮುಖ ಮಾಡಿ, ಒಗ್ಗರಣೆಗೆ ಇಂಗು ಸಾಲದು ಎಂದು ಬೈಯುತ್ತಿದ್ದಳು. ಬೈದು, ಉತ್ತರಕ್ಕಾಗಿ ಸ್ವಲ್ಪ ಹೊತ್ತು ತಡೆದು, ಮತ್ತೆ ಬೈದಳು. ಬಿಸಿಲಿನಲ್ಲಿ ಅರಳೆ ತೇಲುತ್ತಲೇ ಇತ್ತು.

"ಯಾರ ಸಂಗಡ ಮಾತಾಡಾಕತ್ತಿ ಬೇ?" ಎಂದು ತುಟಿಯಲ್ಲಿ ಕೇಳಿದೆ.

"ಪುರಾಣಾ ಓದಾಕತ್ತೇನಿ," ಎಂದು ತುಟಿಯಲ್ಲೇ ಹೇಳಿ ಮುಖ ತಿರುಗಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಮೆಣಸಿನಕಾಯಿ ತರುವ ನೆವ ಮಾಡಿ ನಾನು ಗಡಹಿಂಗ್ಲಜಕ್ಕೆ ಹೋದೆ. ಅಣ್ಣನಿಗೆ ನೆವ ಗೊತ್ತಿತ್ತು, ಆದರೂ ಬೇಡವೆನ್ನಲಿಲ್ಲ. ವೈನಿಯ ತಾಯಿಮನೆಯ ಅಂಗಳವಿಡೀ ಮೆಣಸಿನಕಾಯಿ ಹರಡಿತ್ತು. ಸಂಜೆಯ ಬೆಳಕಿಗೆ ನೆಲವೇ ಕೆಂಪಾಗಿ ಉಸಿರಾಡುತ್ತಿತ್ತು. ಅದರ ಅಂಚಿನಲ್ಲಿ ವೈನಿ ಕಣ್ಣು ಮುಚ್ಚಿ ತನ್ನ ಪಾತ್ರದ ಮಾತುಗಳನ್ನು ಹೇಳಿಕೊಳ್ಳುತ್ತ ಅತ್ತಿಂದಿತ್ತ ನಡೆಯುತ್ತಿದ್ದಳು. ಧ್ವನಿ ತೆಗೆದು ಹೇಳುತ್ತಿದ್ದಳು. ಕರೆಂಟು ಹೋದಾಗಿನ ಆ ಒಂದು ಮಾತು ಬಿಟ್ಟರೆ, ಹದಿನಾಲ್ಕು ವರ್ಷದಲ್ಲಿ ಆಕೆಯ ಧ್ವನಿ ಹಗಲಿನಲ್ಲಿ ಹೇಗಿರುತ್ತದೆಂದು ನಾನು ಕೇಳಿರಲಿಲ್ಲ. ಹೊಸ ಮಡಕೆಯನ್ನು ಬೆರಳಿನಿಂದ ಬಾರಿಸಿದ ಹಾಗಿತ್ತು.

ಕಾಡಸಿದ್ದ ಮಾಸ್ತರರು ತಮ್ಮ ಊರಿಗೆ ಬಂದಾಗೆಲ್ಲ ಆ ಅಂಗಳದಲ್ಲೇ ತಾಲೀಮು ಮಾಡಿಸುತ್ತಿದ್ದರಂತೆ. ಪ್ರೌಢರ ವರ್ಗಗಳ ನಾಟಕಗಳನ್ನೆಲ್ಲ ಕೊಲ್ಹಾಪುರದಲ್ಲಿ ಒಂದೇ ಮಧ್ಯಾಹ್ನ ಆಡಿಸಿ ಬಹುಮಾನ ಕೊಡುವುದೆಂದು ಗೊತ್ತಾಗಿತ್ತು. ವೈನಿ ಗಡಹಿಂಗ್ಲಜದಿಂದ ನೇರವಾಗಿ ಅಲ್ಲಿಗೆ ಹೋಗುವವಳು.

"ಆಮ್ಯಾಲೆ?" ಎಂದು ಕೇಳಿದೆ.

"ಆಮ್ಯಾಲೆ ಏನಂತ ನನಗೂ ಗೊತ್ತಿಲ್ಲೋ ದುಂಡ್ಯಾ. ನಿಮ್ಮಣ್ಣ ಕರದ್ರ ಬರತೇನಿ. ನಾಟಕ ಬಿಟ್ಟು ಬಾ ಅಂದ್ರ ಬರಾಂಗಿಲ್ಲ." ಒಂದು ಮೆಣಸಿನಕಾಯಿಯನ್ನು ಎತ್ತಿ ಬೇರೆ ಕಡೆ ಇಟ್ಟಳು. "ಆಂವಾ ಊಟಾ ಮಾಡತಾನ?"

"ನನ್ನ ರೊಟ್ಟಿ ಭಾಳ ಚಲೋ ಆಗತಾವು," ಎಂದೆ.

"ಹಂಗಾರ ಮಾಡೂದಿಲ್ಲ," ಎಂದಳು.

ನಾಟಕದ ದಿನ ಬಂತು. ನಮ್ಮ ಓಣಿಯ ಜನ ಬಟ್ಟೆಯ ಗಂಟು ಸಾಗಿಸುವ ಎರಡು ಟ್ರಕ್ಕುಗಳಲ್ಲಿ ತುಂಬಿಕೊಂಡು ಕೊಲ್ಹಾಪುರಕ್ಕೆ ಹೊರಟರು. ನಾನೂ ಹೊರಟೆ. ಅಂಬಾಬಾಯಿಯ ದರ್ಶನ ಮಾಡಿ ಬಹಳ ದಿನವಾಯಿತೆಂದು ಅವ್ವ ಟ್ರಕ್ಕು ಹತ್ತಿದಳು. ಆ ದೇವಿಯ ನೆನಪು ಅವಳಿಗೆ ಯುಗಾದಿ ಕಳೆದ ಮೇಲೆ ಬಂದದ್ದು ಅದೇ ಮೊದಲು. ಅಣ್ಣ ಮಗ್ಗದ ಬಿಡಿಭಾಗ ತರಬೇಕೆಂದು ಬೇರೆ ಬಸ್ಸಿನಲ್ಲಿ ಹೋದ. ಸಭಾಗೃಹದ ಬಾಗಿಲಲ್ಲಿ ಮೂವರೂ ಒಬ್ಬರನ್ನೊಬ್ಬರು ಕಂಡೆವು. ದೇವಿಯ ಕುಂಕುಮವನ್ನಾಗಲಿ ಬಿಡಿಭಾಗವನ್ನಾಗಲಿ ಯಾರೂ ಕೇಳಲಿಲ್ಲ.

ಮುಂದಿನ ಕುರ್ಚಿಗಳಲ್ಲಿ ಕೊಲ್ಹಾಪುರದ ದೊಡ್ಡವರು, ಫೇಟಾದವರು, ಟೋಪಿಯವರು, ಕನ್ನಡಕದವರು. ಹಿಂದಿನ ಬೆಂಚುಗಳಲ್ಲಿ ನಮ್ಮ ಮಗ್ಗದವರು. ಅಣ್ಣ ಕಂಬದ ಹತ್ತಿರ ನಿಂತ. ಅವ್ವ ಅವನ ಪಕ್ಕದ ಬೆಂಚಿನ ತುದಿಯಲ್ಲಿ ಕೂತಳು. ಮರಾಠಿಯ ಎರಡು ನಾಟಕ ಮುಗಿದ ಮೇಲೆ ನಮ್ಮ ಕನ್ನಡದ್ದು. ಪರದೆ ಸರಿಯಿತು. ಜರಿಸೀರೆ ಉಟ್ಟ ತಾರವ್ವ ಕುರ್ಚಿಯಲ್ಲಿ ಕೂತಿದ್ದಳು. ಸತ್ಯಪ್ಪನ ಕುರಿಗಳು ಅವಳನ್ನು ಆ ವೇಷದಲ್ಲಿ ನೋಡಿದ್ದರೆ ನಾಚಿ ತಮ್ಮ ಉಣ್ಣೆಯನ್ನು ತಾವೇ ಬಿಚ್ಚಿ ಕೊಡುತ್ತಿದ್ದವು. ವೈನಿ ಹರಕು ಸೀರೆಯಲ್ಲಿ ನೀರಿನ ಕೊಡ ಹೊತ್ತು ಬಂದಳು.

"ಯಾಕ ತಡಾ ಮಾಡಿದಿ?" ಸಾವಕಾರ್ತಿ ಗದರಿದಳು. ಇಡೀ ಸಭಾಗೃಹಕ್ಕೆ ಕೇಳಿಸಿತು.

ವೈನಿ ಉತ್ತರ ಹೇಳಲು ಕತ್ತೆತ್ತಿದಳು. ಕಂಬದ ಹತ್ತಿರ ಅಣ್ಣನನ್ನು ಕಂಡಳು. ತುಟಿಗಳು ಆಡಿದವು. ಧ್ವನಿ ಬರಲಿಲ್ಲ. ಅಂಜಿದ್ದಲ್ಲ, ಅಂಜುವವಳ ತುಟಿ ಹಾಗೆ ಅಗಲವಾಗಿ ಆಡುವುದಿಲ್ಲ. ಮದುವೆಯಾದಂದಿನಿಂದ ಹಗಲಿನಲ್ಲಿ ಆ ಮನುಷ್ಯನ ಮುಖ ನೋಡಿ ಆಡಿದ ಮಾತೆಲ್ಲ ತುಟಿಯ ಮಾತೇ ಆಗಿತ್ತು. ಅವನ ಮುಖ ಕಂಡೊಡನೆ ಅವಳ ಗಂಟಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು, ತುಟಿ ತೆರೆದುಕೊಂಡಿತು. ತಾರವ್ವನೂ ಅದೇ ರೂಢಿಯವಳು. ಎದುರಿನವಳು ತುಟಿಯಲ್ಲಿ ಆಡಿದರೆ ತುಟಿಯಲ್ಲೇ ಉತ್ತರ ಕೊಡುವುದು ಅವಳ ಮೈಗೆ ಹತ್ತಿತ್ತು. ಕುರ್ಚಿಯಲ್ಲಿ ಕೂತ ಸಾವಕಾರ್ತಿಯೂ ಮೂಕಳಾದಳು. ನಾಟಕ ಸದ್ದಿಲ್ಲದೆ ನಡೆಯತೊಡಗಿತು.

ಮುಂದಿನ ಕುರ್ಚಿಯವರು ಕಿವಿಗೆ ಕೈ ಹಚ್ಚಿದರು. "ಆವಾಜ ಯೇತ ನಾಹೀ ಹೋ," ಎಂದು ಒಬ್ಬರು ಧ್ವನಿಯೇ ಬರುತ್ತಿಲ್ಲವೆಂದು ಮರಾಠಿಯಲ್ಲಿ ದೂರಿದರು. ಇದೇನೋ ಮುಂಬಯಿಯ ಹೊಸ ಪದ್ಧತಿ ಇರಬೇಕೆಂದು ಕನ್ನಡಕದವರು ಪಕ್ಕದವರಿಗೆ ಹೇಳಿ ಗಂಭೀರವಾಗಿ ತಲೆದೂಗಿದರು. ಹಿಂದಿನ ಬೆಂಚುಗಳಲ್ಲಿ ಮಾತ್ರ ಗುಂಡುಸೂಜಿ ಬಿದ್ದರೆ ಬಾವಿಗೆ ಬಂಡೆ ಬಿದ್ದಂತಿರುತ್ತಿತ್ತು. ನಮ್ಮವರು ಒಬ್ಬೊಬ್ಬರೂ ಒಂದೊಂದು ಮಾತನ್ನೂ ಓದುತ್ತಿದ್ದರು.

ವೈನಿ ಕೊಡ ಇಳಿಸಿ ರಂಗದ ಅಂಚಿಗೆ ಬಂದಳು. ಈಗ ಆಡಿದ್ದು ನಾಟಕದ ಮಾತಾಗಿರಲಿಲ್ಲ.

"ಉಂಡೀರೇನು?" ಅವಳ ತುಟಿ ಕೇಳಿತು.

ಅಣ್ಣ ಬೆಚ್ಚಿದ. ಮುಂದಿನವರಿಗೆ ಕೇಳಿಸುವುದಿಲ್ಲವೆಂದು ಧೈರ್ಯ ತಂದುಕೊಂಡಿರಬೇಕು. "ಇಲ್ಲ," ಎಂದ, ತುಟಿಯಲ್ಲಿ.

ಅವ್ವ ನಡುವೆ ಬಾಯಿ ಹಾಕಿದಳು, ಅದೂ ತುಟಿಯಲ್ಲೇ. "ಎಲ್ಲಿ ಉಣ್ಣತಾನ. ನಿನ್ನ ಮೈದುನಾ ಕಲ್ಲ ಬೇಯಸತಾನ." ನಾನು ಆ ಮಾತನ್ನು ಓದಲೇ ಇಲ್ಲ.

"ನಾ ವರ್ಗಕ್ಕ ಹೋಗಾಕಿ," ವೈನಿ ಹೇಳಿದಳು. "ನಾಟಕನೂ ಮಾಡಾಕಿ. ಹೂಂ ಅಂದ್ರ ಇವತ್ತ ಮನಿಗಿ ಬರತೇನಿ. ಒಲ್ಲೆ ಅಂದ್ರ ಗಡಹಿಂಗ್ಲಜದ ಗಾಡಿ ಹತ್ತತೇನಿ."

"ಮನಿಗಿ ಬಾ. ಮಾತಾಡೂನು."

"ಇಲ್ಲೇ ಹೇಳ್ರಿ."

ಅಣ್ಣ ಅತ್ತಿತ್ತ ನೋಡಿದ. ಆಗ ಅವನಿಗೆ ಹೊಳೆಯಿತು: ಮುಂದಿನ ಕುರ್ಚಿಯವರಿಗೆ ಏನೂ ಕೇಳದಿದ್ದರೂ, ಹಿಂದಿನ ಬೆಂಚಿನ ಪ್ರತಿಯೊಬ್ಬನೂ ತನ್ನ ತುಟಿಯನ್ನೇ ನೋಡುತ್ತಿದ್ದಾನೆ. ಅವನ ಶೆಡ್ಡಿನ ಕೆಲಸಗಾರರು, ಪಕ್ಕದ ಶೆಡ್ಡಿನ ಮಾಲಕರು, ಚಪ್ಪಲಿ ನೋಡುತ್ತ ಹೋದ ಆ ವ್ಯಾಪಾರಿ ಎಲ್ಲರೂ ಇದ್ದರು. ಓಡಿಹೋಗಲು ಬಾಗಿಲು ಹತ್ತಿರವೇ ಇತ್ತು. ಅವನು ಒಂದು ಕೈಯಿಂದ ಕಂಬವನ್ನು ಹಿಡಿದುಕೊಂಡ. ಅಷ್ಟು ಜನರ ಮುಂದೆ ಅಷ್ಟು ಅಗಲವಾಗಿ ತುಟಿ ತೆರೆದು ಅವನು ಆಡಿದ ಮಾತನ್ನು ಕುರುಡನೂ ಓದಬಹುದಿತ್ತು.

"ಹೂಂ. ಹೋಗು ವರ್ಗಕ್ಕ. ನಾಟಕಾ ಮಾಡು."

"ತಾರವ್ವನ್ನ ತಿರಗಿ ಕೆಲಸಕ್ಕ ಕರೀರಿ."

"ಕರೀತೇನಿ."

ವೈನಿ ಒಂದು ಉಸಿರು ತೆಗೆದುಕೊಂಡು ಗಂಡನಿಂದ ಕಣ್ಣು ಕಿತ್ತಳು. ಕಿತ್ತೊಡನೆ ಗಂಟಲು ತೆರೆಯಿತು. ಬಾಕಿ ನಾಟಕವನ್ನು ಅವಳು ಹೇಳಿದ ರೀತಿಗೆ ಪನ್ಹಾಳದ ಕೋಟೆಯ ಒಂದು ಬುರುಜು ಓಗೊಟ್ಟಿತೆಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಬಹುಮಾನ ಬರಲಿಲ್ಲ. ಆರಂಭದಲ್ಲಿ ಧ್ವನಿ ಸಾಲದಾಯಿತೆಂದು ಪರೀಕ್ಷಕರು ಹೇಳಿದರು. ಕಾಡಸಿದ್ದ ಮಾಸ್ತರರು ಕಿಸೆಯ ಕಲ್ಲುಗಳನ್ನು ಅಲ್ಲೇ ಚೆಲ್ಲಿ ಹಗುರಾಗಿ ನಡೆದುಹೋದರು.

ಟ್ರಕ್ಕುಗಳು ಗಂಟು ತುಂಬಲು ಹೋಗಿದ್ದವು. ನಾವು ಎಸ್.ಟಿ. ಸ್ಟ್ಯಾಂಡಿಗೆ ನಡೆದೆವು. ಹೊತ್ತು ಇಳಿಯುತ್ತಿತ್ತು, ಬಸ್ಸುಗಳ ಧೂಳು ಬಂಗಾರದ ಬಣ್ಣಕ್ಕೆ ತಿರುಗಿತ್ತು. ತಾರವ್ವನೂ ಅದೇ ಬಸ್ಸಿಗೆ ಬಂದಿದ್ದಳು, ಜರಿಸೀರೆ ಬಿಚ್ಚಿ ತನ್ನ ಸೀರೆ ಉಟ್ಟುಕೊಂಡು. ಅಣ್ಣ ಗಂಟಲು ಸರಿಮಾಡಿಕೊಂಡ.

"ತಾರವ್ವಾ, ನಾಳಿಂದ ಕೆಲಸಕ್ಕ ಬಾ."

"ಇಲ್ಲರೀ ಸಾವಕಾರ," ಅವಳು ಸಮಾಧಾನದಿಂದಲೇ ಹೇಳಿದಳು. "ನಾ ಕೊರೋಚ್ಯಾಗ ಕೆಲಸ ಹಿಡದೇನಿ. ಅಲ್ಲಿ ಕಾಂಡಿ ತುಂಬಾವ್ರು ಪಗಾರಕ್ಕ ಸಹಿ ಮಾಡಬೇಕ್ರಿ. ನನಗ ಸಹಿ ಬರತೈತಿ ಈಗ. ಅಲ್ಲೇ ಒಂದು ಖೋಲಿ ಹಿಡದೇನಿ."

ವೈನಿಯ ಮುಖ ಇಳಿಯಿತು. "ನಾ ನಿನ್ನ ಸಲುವಾಗಿ ಅಲ್ಲಿ ನಿಂತು ಕೇಳಿದ್ನಲ್ಲ ತಾರಾ."

"ಕೇಳಿದ್ರಿ ವೈನಿ. ನನ್ನ ಮಾತ್ರ ಒಂದ ಮಾತ ಕೇಳಲಿಲ್ಲ." ತಾರವ್ವ ವೈನಿಯ ಕೈಯಿಂದ ಟ್ರಂಕನ್ನು ತೆಗೆದುಕೊಳ್ಳಲು ಬಂದವಳು, ಅರ್ಧಕ್ಕೇ ಕೈ ಹಿಂದೆಗೆದಳು. "ನನ್ನ ಪಾತ್ರ ಭಾಳ ಚಂದ ಕಲತೀರಿ. ಆದ್ರ ನನ್ನ ಮಾತ ನಾನ ಆಡತೇನ್ರಿ."

ವೈನಿ ಟ್ರಂಕನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಖರೆ," ಎಂದಳು. "ವರ್ಗಕ್ಕರ ಬರತೀಯಲ?"

"ಬರಲಾರದ ಏನ್ರಿ. ಮುಂದಿನ ನಾಟಕದಾಗ ನಾ ಪೊಲೀಸ ಆಗಾಕಿ."

ಬಸ್ಸು ಬಂತು. ಅಷ್ಟು ತುಂಬಿದ ಬಸ್ಸನ್ನು ನಾನು ಕಂಡಿಲ್ಲ. ಚಕ್ರಗಳು ಹೊರಗಿದ್ದದ್ದೇ ಪುಣ್ಯ. ತಾರವ್ವ ಮೊದಲು ಹತ್ತಿ ಬೆಂಚೊಂದರ ಕಿಟಕಿಯ ಬದಿಗೆ ಕೂತಳು. ಅವಳ ಪಕ್ಕದಲ್ಲಿ ಒಂದೇ ಜಾಗ ಉಳಿದಿತ್ತು. ಅಣ್ಣ ಬೇರೆಯವರು ಕೂರದಂತೆ ಅಡ್ಡ ನಿಂತು ಅವ್ವನನ್ನು ನೋಡಿದ, ನಾನೂ ನೋಡಿದೆ. ಅವ್ವ ಕಂಬಿ ಹಿಡಿದು ನಿಂತೇ ಇದ್ದಳು. ಬಸ್ಸು ಕೊಲ್ಹಾಪುರ ದಾಟಿದ ಮೇಲೆ ರಸ್ತೆಯ ತಗ್ಗಿಗೆ ಒಂದು ಸಲ ಜೋರಾಗಿ ಕುಲುಕಿತು. ಅವ್ವ ಮೊಣಕಾಲು ಒತ್ತಿಕೊಂಡು, "ಸ್ವಲ್ಪ ಸರಿ," ಎಂದು ತಾರವ್ವನ ಪಕ್ಕದಲ್ಲಿ ಕೂತಳು. ಸೆರಗನ್ನು ಬಿಗಿಯಾಗಿ ಎಳೆದುಕೊಂಡು, ನಡುವೆ ಒಂದು ಅಂಗೈಯಷ್ಟು ಜಾಗ ಬಿಟ್ಟು ಕೂತಳು.

ಹೊಲಗಳ ಮೇಲೆ ಬೆಳಕು ಮಸುಕಾಗುತ್ತ ಬಂತು. ಕಬ್ಬಿನ ನಡುವೆ ಎಲ್ಲೋ ಬೆಲ್ಲ ಕಾಯಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಬಂದು ಬಸ್ಸಿನವರನ್ನೆಲ್ಲ ಒಬ್ಬೊಬ್ಬರಾಗಿ ಮಲಗಿಸಿತು. ಅವ್ವನ ತಲೆ ಮೊದಲು ಮುಂದಕ್ಕೆ ವಾಲಿತು, ಆಮೇಲೆ ಬದಿಗೆ. ಹಾತಕಣಂಗಲೆ ದಾಟುವ ಹೊತ್ತಿಗೆ ಅದು ತಾರವ್ವನ ಹೆಗಲ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ತಾರವ್ವ ಅಲುಗಾಡಲಿಲ್ಲ. ಅವಳ ಕತ್ತು ನೆಟ್ಟಗೇ ಇತ್ತು, ಸಾವಕಾರ್ತಿಯಂತೆಯೂ ಅಲ್ಲ, ಕಾಂಡಿ ತುಂಬುವವಳಂತೆಯೂ ಅಲ್ಲ. ಹೆಗಲ ಮೇಲೆ ಮುದುಕಿಯ ತಲೆ ಇರುವ ಯಾವುದೇ ಹೆಂಗಸಿನಂತೆ.

ಕಂಡಕ್ಟರ್ ಗಂಟೆ ಎಳೆದು ಕೊರೋಚಿ ಎಂದು ಕೂಗಿದ.

ತಾರವ್ವ ಇಳಿಯಬೇಕಾಗಿತ್ತು. ಅವಳು ಹೆಗಲನ್ನು ನೋಡಿಕೊಂಡು, ಆಮೇಲೆ ಕಂಬಿ ಹಿಡಿದು ನಿಂತಿದ್ದ ವೈನಿಯ ಕಡೆ ಕಣ್ಣೆತ್ತಿದಳು. ಯಾರೂ ಏನೂ ಹೇಳಲಿಲ್ಲ, ತುಟಿಯಲ್ಲೂ ಇಲ್ಲ. ವೈನಿ ಟ್ರಂಕನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಅದನ್ನು ತಲೆಯ ಮೇಲೆ ಹಿಡಿದು ದಾರಿ ಬಿಟ್ಟ. ಎದುರಿನ ಮುದುಕ ಕಾಲು ಮೇಲೆತ್ತಿದ. ತಾರವ್ವ ಅವ್ವನ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಎದ್ದಳು, ವೈನಿ ಅವಳ ತೋಳಿನ ಕೆಳಗಿನಿಂದ ಒಳಗೆ ಸರಿದು ಕೂತಳು, ತಲೆಯನ್ನು ತನ್ನ ಹೆಗಲಿಗೆ ತೆಗೆದುಕೊಂಡಳು. ಅವ್ವ ನಿದ್ದೆಯಲ್ಲೇ ಏನೋ ಗೊಣಗಿ ಇನ್ನಷ್ಟು ಒರಗಿದಳು.

ತಾರವ್ವ ಇಳಿದು, ಕೊರೋಚಿಯ ಮಗ್ಗಗಳ ಸದ್ದಿನೊಳಗೆ ನಡೆದುಹೋದಳು. ಬಸ್ಸು ಮುಂದೆ ಹೊರಟಿತು.